ಭಟ್ಟಿಗೆ ಕೊಟ್ಟ ಕೆನ್ನೆ

"ನನ್ನ ಟ್ಯೂಬ್ ಯಾರು ಖಾಲಿ ಮಾಡ್ತಿದ್ದೀರಿ?" ಎಂದು ಆ ಭಾನುವಾರ ಬೆಳಿಗ್ಗೆ ನಾನು ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಕಿರುಚಿದೆ. ನನಗೆ ಸಿಟ್ಟು ಬಂದರೆ ಮೂರು ಮನೆ ಆಚೆಗೆ ಕೇಳಿಸುತ್ತದೆ. ಕೇಳಿಸಲಿ ಎಂದೇ ಕೂಗುವುದು.

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತೊಂದು ವರ್ಷ ಸೋಪು ನೀರಿನಲ್ಲಿ ನಿಂತವಳು ನಾನು. ಆ ನೀರು ನನಗೆ ಪಿಂಚಣಿ ಕೊಟ್ಟಿತು, ಜೊತೆಗೆ ಎರಡೂ ಪಾದಕ್ಕೆ ಇಸುಬನ್ನೂ ಕೊಟ್ಟಿತು. ಅದಕ್ಕೆ ಚರ್ಮದ ಡಾಕ್ಟರು ಬರೆದುಕೊಟ್ಟ ಮುಲಾಮಿನ ಟ್ಯೂಬು ಬಚ್ಚಲು ಕಿಟಕಿಯ ಮೇಲೆ, ಹಲ್ಲುಜ್ಜುವ ಬ್ರಷ್ಷುಗಳ ಪಕ್ಕ ಇರುತ್ತದೆ. ಸೊಳ್ಳೆ ಕಚ್ಚಿದರೂ ಅದೇ, ಇಸ್ತ್ರಿಪೆಟ್ಟಿಗೆ ತಾಗಿದರೂ ಅದೇ, ಕಂಕುಳು ತುರಿಸಿದರೂ ಅದೇ. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದೇ ಟ್ಯೂಬು. ಆದರೆ ಈಚೆಗೆ ಅದು ಹತ್ತು ದಿನವೂ ಬಾಳುತ್ತಿರಲಿಲ್ಲ.

"ನಾನಲ್ಲಮ್ಮ," ಎಂದು ಮಗ ಪತ್ರಿಕೆಯ ಹಿಂದಿನಿಂದ ಹೇಳಿದ. ಅವನು ಲಿಫ್ಟ್ ರಿಪೇರಿ ಮಾಡುವವನು. ವಾರಕ್ಕೆ ಆರು ದಿನ ಊರವರ ಕಟ್ಟಡಗಳಲ್ಲಿ ಮೇಲೆ ಕೆಳಗೆ ಓಡಾಡಿ, ಏಳನೆಯ ದಿನ ಕುರ್ಚಿ ಬಿಟ್ಟು ಏಳುವುದಿಲ್ಲ.

"ನಿನ್ನ ಕಾಲಿನ ಔಷಧಿ ನಾನು ಮುಟ್ತೀನಾ? ಛೀ, ಹೋಗಜ್ಜಿ," ಎಂದಳು ಮೊಮ್ಮಗಳು. ಕಾಲೇಜಿನ ಎರಡನೆಯ ವರ್ಷದ ಹುಡುಗಿ, ಮನೆಯಲ್ಲಿ ಎಲ್ಲರಿಗೂ ಚೂಟಿ.

ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಸೊಸೆಯ ಕೈ ಒಮ್ಮೆ ಕೆನ್ನೆಗೆ ಹೋಗಿ ಬಂತು. ನಾನು ನೋಡಿದೆ. ನೋಡಿಯೂ ನನ್ನ ದಡ್ಡ ತಲೆಗೆ ಏನೂ ಹೊಳೆಯಲಿಲ್ಲ.

ಊಟಕ್ಕೆ ಕೂತಾಗ ಅವಳು ಸುದ್ದಿ ಹೇಳಿದಳು. ಅವಳು ಕೆಲಸ ಮಾಡುವ ಬೇಕರಿಯಲ್ಲಿ ಕೌಂಟರಿನ ಮುದುಕ ತಿಂಗಳ ಕೊನೆಗೆ ಕೆಲಸ ಬಿಡುತ್ತಾನೆ. ಆ ಜಾಗ ಇವಳಿಗೇ ಎಂದು ಹಳೆಯ ಯಜಮಾನ ಸಾಯುವ ಮೊದಲು ನಾಲ್ಕು ಜನರ ಎದುರು ಹೇಳಿದ್ದ. ಈಗಿರುವವನು ಅವನ ಮಗ. ಅವನಿಗೆ ನಾವು ಮನೆಯಲ್ಲಿ ಇಟ್ಟ ಹೆಸರು ಬಿಸ್ಕತ್ತು. ನೋಡಲು ಗಟ್ಟಿ, ಚಹಾದಲ್ಲಿ ಅದ್ದಿದರೆ ಮುಗಿಯಿತು.

"ಏನಂದ ಬಿಸ್ಕತ್ತು?" ಎಂದು ಕೇಳಿದೆ.

"ಕೌಂಟರ್ ನಿಮಗೇ ಕೊಡೋಣ ಅಂತಿದೀನಿ, ಆದ್ರೆ ಗಿರಾಕಿಗಳು ಮೊದಲು ನೋಡೋದು ಮುಖಾನ. ಒಂದು ತಿಂಗಳಿದೆ, ಮುಖ ಸ್ವಲ್ಪ ಸರಿ ಮಾಡ್ಕೊಂಡು ಬನ್ನಿ, ಅಂದ."

"ಆಗದಿದ್ರೆ?"

"ಆಗದಿದ್ರೆ ಭಟ್ಟಿ ಮುಂದೇನೇ ಇರಿ, ಬೇರೆ ಹುಡುಗಿ ನೋಡ್ತೀನಿ, ಅಂದ." ಅವಳು ತಟ್ಟೆಯ ಮೇಲಿಂದ ಕಣ್ಣೆತ್ತಲಿಲ್ಲ.

ನನ್ನ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ಆ ಮುಖ ಹಾಗಾದದ್ದೇ ಆ ಭಟ್ಟಿಯಿಂದ. ಹದಿನಾಲ್ಕು ವರ್ಷದಿಂದ ಅವಳು ಅಲ್ಲಿ ಬ್ರೆಡ್ಡು ಕೇಕು ಬೇಯಿಸುತ್ತಿದ್ದಾಳೆ. ಭಟ್ಟಿಯ ಬಿಸಿ ತೋರಿಸುವ ಮೀಟರು ಒಂಬತ್ತು ವರ್ಷದ ಹಿಂದೆ ಕೆಟ್ಟಿತು. ಇವತ್ತು ನಾಳೆ ಎಂದು ರಿಪೇರಿ ಮುಂದೆ ಹೋದಾಗ ಇವಳೇ ಒಂದು ಉಪಾಯ ಕಂಡುಕೊಂಡಳು. ಬಾಗಿಲು ತೆರೆದು ಬಲಗೆನ್ನೆಯನ್ನು ಒಂದು ಗೇಣು ದೂರದಲ್ಲಿ ಹಿಡಿದು ಎಣಿಸುವುದು. ಆರಕ್ಕೆ ಚುರುಗುಟ್ಟಿದರೆ ಬ್ರೆಡ್ಡು ಇಡಬಹುದು. ಹತ್ತರವರೆಗೆ ತಡೆಯಲಾದರೆ ಕೇಕಿಗೆ ಸರಿ. ಮೂರಕ್ಕೇ ಸುಟ್ಟರೆ ಭಟ್ಟಿ ಇನ್ನೂ ಆರಬೇಕು. ದಿನಕ್ಕೆ ಮೂವತ್ತು ನಲವತ್ತು ಸಲ ಹೀಗೆ. ಒಂದು ಬ್ರೆಡ್ಡೂ ಸೀಯಲಿಲ್ಲ, ಮೀಟರೂ ರಿಪೇರಿಯಾಗಲಿಲ್ಲ. "ನಿಮ್ಮ ಕೆನ್ನೆ ಇರೋವಾಗ ಮೀಟರ್ ಯಾಕೆ?" ಎಂದು ಬಿಸ್ಕತ್ತು ನಗುತ್ತಿದ್ದ. ಎರಡೂ ಕೆನ್ನೆಗೆ ಬಂಗು ಹತ್ತಿತು. ಬಲಗಡೆ ಅಂಗೈಯಗಲ, ಒಣಗಿದ ಚಹಾದ ಕಲೆಯಂಥ ಬಣ್ಣ.

"ಆ ಮೀಟರ್ ಕೆಟ್ಟಾಗಲೇ ಕೆಲಸ ಬಿಡಬೇಕಿತ್ತು," ಎಂದ ಮಗ.

"ಬಿಟ್ಟು? ನಿಮ್ಮ ಲಿಫ್ಟಲ್ಲಿ ಕೂರಲಾ?" ಎಂದಳು ಸೊಸೆ. ಆ ದಿನದ ಊಟ ಅಲ್ಲಿಗೆ ಮುಗಿಯಿತು.

ಮರುದಿನದಿಂದ ಚೂಟಿ ಫೋನ್ ಹಿಡಿದು ಕೂತಳು. ಮುಖ ಸರಿ ಮಾಡುವುದು ಎಂದರೆ ಇಷ್ಟೊಂದು ಬಗೆ ಇರುತ್ತದೆ ಎಂದು ನನಗೆ ಈ ಜನ್ಮದಲ್ಲಿ ಗೊತ್ತಿರಲಿಲ್ಲ. ಒಂದರಲ್ಲಿ ಆಸಿಡ್ ಹಚ್ಚಿ ಮೇಲಿನ ಚರ್ಮ ಸುಲಿಯುತ್ತಾರಂತೆ, ಅದು ಪೀಲ್. ಒಂದರಲ್ಲಿ ಬೆಳಕು ಬಿಟ್ಟು ಕಲೆ ಒಡೆಯುತ್ತಾರಂತೆ, ಅದು ಲೇಸರ್. ಇನ್ನೊಂದರಲ್ಲಿ ಮುಖದ ತುಂಬ ಸಣ್ಣ ಸೂಜಿ ಚುಚ್ಚುತ್ತಾರಂತೆ.

"ಸೂಜಿ ಬೇಡ. ಮುಖ ಏನು ಗೋಣಿಚೀಲವಾ, ಹೊಲಿಯೋಕೆ?" ಎಂದೆ.

"ಅಜ್ಜಿ, ಸುಮ್ನಿರು. ಸುಕ್ಕಿಗೆ ಬೇರೆ, ಗುಳಿಗೆ ಬೇರೆ, ಕಲೆಗೆ ಬೇರೆ. ಯಾವುದಕ್ಕೆ ಯಾವುದು ಅಂತ ನೋಡಿ ಆರಿಸ್ಬೇಕು." ಚೂಟಿ ಫೋಟೋ ತೋರಿಸಿದಳು. "ನೋಡು, ಮೊದಲು ಹೀಗೆ, ಆಮೇಲೆ ಹೀಗೆ."

"ಆಮೇಲಿನವಳು ಬೇರೆ ಹೆಂಗಸು."

"ಅವಳೇ ಅಜ್ಜಿ!"

"ದೂರದ ಬೆಟ್ಟ ನುಣ್ಣಗೆ. ಆ ಫೋನೊಳಗಿನ ಬೆಟ್ಟ ಇನ್ನೂ ನುಣ್ಣಗೆ," ಎಂದೆ. ಸೊಸೆ ಮಾತ್ರ ಫೋನನ್ನು ಇಸಿದುಕೊಂಡು ಆ ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದಳು.

ಮಗ ಮೂರು ದಿನ ವಿರೋಧಿಸಿದ. ಹೊಸ ಫ್ರಿಜ್ಜಿಗೆಂದು ಕೂಡಿಟ್ಟದ್ದನ್ನು ಮುಖಕ್ಕೆ ಬಳಿಯುವುದೇ ಎಂದ. ಸೊಸೆ ನೆಲ ಒರೆಸುತ್ತಿದ್ದ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಎದ್ದು ನಿಂತಳು.

"ಫ್ರಿಜ್ ತಣ್ಣಗಿದ್ರೆ ಸಾಕಾ ನಿಮಗೆ? ನಾನು ತಣ್ಣಗಿರೋದು ಬೇಡ್ವಾ? ನಲವತ್ಮೂರು ವರ್ಷ ನನಗೆ. ಇನ್ನೂ ಹದಿನೈದು ವರ್ಷ ಆ ಬಾಗಿಲ ಮುಂದೆ ನಿಂತ್ಕೋಬೇಕಾ? ಕೌಂಟರಲ್ಲಿ ಕುರ್ಚಿ ಇದೆ, ಫ್ಯಾನ್ ಇದೆ. ನನಗೆ ಆ ಕುರ್ಚಿ ಬೇಕು."

ಇಷ್ಟು ಜೋರಾಗಿ ಅವಳು ಈ ಮನೆಯಲ್ಲಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಮಗ ಬಾಯಿ ಮುಚ್ಚಿಕೊಂಡು ಚಪ್ಪಲಿ ಹುಡುಕಿಕೊಂಡು ಹೋದ.

ಶನಿವಾರ ಕ್ಲಿನಿಕ್ಕಿಗೆ ಹೋದೆವು, ನಾವು ಮೂವರು ಹೆಂಗಸರು. ಬಿಳಿ ಸೋಫಾ, ಬಿಳಿ ಗೋಡೆ, ಕೂತರೆ ಕೊಳೆಯಾದೀತೆಂದು ಭಯಪಡಿಸುವ ಜಾಗ. ಕೈಯಲ್ಲಿ ಫಾರಂ ಹಿಡಿದ ಹುಡುಗಿ ಬಂದಳು. ಅವಳ ಮುಖ ಈಗ ತಾನೇ ತೊಳೆದಿಟ್ಟ ಗಾಜಿನ ಲೋಟದ ಹಾಗಿತ್ತು.

"ಮುಖಕ್ಕೆ ಈಗ ಏನಾದ್ರೂ ಕ್ರೀಮ್ ಹಚ್ತೀರಾ ಮೇಡಂ?"

ಸೊಸೆ ನನ್ನ ಕಡೆ ನೋಡಿದಳು, ಮತ್ತೆ ನೆಲ ನೋಡಿದಳು. "ಇಲ್ಲ. ಏನೂ ಇಲ್ಲ."

ಹುಡುಗಿ ಗೀಟು ಎಳೆದಳು. ಒಳಗಿದ್ದ ಡಾಕ್ಟರು ಐದೇ ನಿಮಿಷ ನೋಡಿ, ಲೇಸರ್ ಈ ಬಣ್ಣದ ಚರ್ಮಕ್ಕೆ ಬೇಡ, ಪೀಲ್ ಮಾಡೋಣ, ಮೂರು ಸಲ ಬರಬೇಕು ಎಂದರು. ಅರ್ಧ ಗಂಟೆಯಲ್ಲಿ ಮೊದಲನೆಯದು ಮುಗಿಯಿತು. ಸೊಸೆ ಕಣ್ಣಲ್ಲಿ ನೀರು ತುಂಬಿಕೊಂಡು ಹೊರಗೆ ಬಂದಳು.

"ಉರೀತಾ ಇದೆಯಾ?"

"ಭಟ್ಟಿಗಿಂತ ಪರವಾಗಿಲ್ಲ ಅತ್ತೆ."

ಮಂಗಳವಾರದ ಹೊತ್ತಿಗೆ ಆ ಮುಖ ನೋಡಲಾಗಲಿಲ್ಲ. ಕೆನ್ನೆಯೆರಡೂ ಕೆಂಪಗೆ ಊದಿ ಅಲ್ಲಲ್ಲಿ ಹಸಿಯಾಗಿದ್ದವು. ಗುರುವಾರ ಕೆಂಪಿದ್ದಲ್ಲಿ ಕಪ್ಪು ತಿರುಗಿತು, ಬಂಗಿಗಿಂತ ಕಪ್ಪು. ನೀರು ತಾಗಿದರೂ ಕೂಗುತ್ತಿದ್ದಳು. ಆದರೂ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋದಳು, ಬಟ್ಟೆ ಸರಿಸಿ ಕೆನ್ನೆ ಹಿಡಿದು ಎಣಿಸಿದಳು, ಬ್ರೆಡ್ಡು ಇಟ್ಟಳು. ಹಾಗೆಂದು ಅಲ್ಲಿ ಹಿಟ್ಟು ನಾದುವವನ ಹೆಂಡತಿ ನನಗೆ ಹೇಳಿದಳು. ಕೇಳಿ ನನಗೆ ಯಾರನ್ನು ಹೊಡೆಯಬೇಕೋ ತಿಳಿಯದೆ ಹಾಲಿನ ಪಾತ್ರೆಯನ್ನು ತಿಕ್ಕಿ ತಿಕ್ಕಿ ಹೊಳೆಯಿಸಿದೆ.

ಮಗ ಶುಕ್ರವಾರ ಅರ್ಧ ದಿನ ರಜೆ ಹಾಕಿ ಕ್ಲಿನಿಕ್ಕಿಗೆ ಜಗಳಕ್ಕೆ ಹೋದ. ಹೋಗುವಾಗ ಹುಲಿ. ಬರುವಾಗ ಬೇರೆಯೇ ಮುಖ.

"ಅವರು ಒಂದು ಮಾತು ಕೇಳಿದ್ರು," ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. "ಇಷ್ಟು ಸುಡಬೇಕಾದ್ರೆ ಮೊದಲೇ ಚರ್ಮ ತೆಳುವಾಗಿರಬೇಕು, ಏನಾದ್ರೂ ಟ್ಯೂಬ್ ಹಚ್ತಿದ್ರಾ, ಇಸುಬು ತುರಿಕೆಗೆ ಕೊಡೋ ಅಂಥದ್ದು? ಅಂತ."

ಸೊಸೆಯ ಕೈ ತಾನಾಗಿ ಕೆನ್ನೆಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಭಾನುವಾರ ಕೆನ್ನೆಗೆ ಹೋಗಿ ಬಂದ ಕೈ ನನಗೆ ಆಗ ನೆನಪಾಯಿತು.

"ನನ್ನ ಟ್ಯೂಬ್ ಹಚ್ಕೊಂಡ್ಯಾ?" ಎಂದೆ. "ಕಾಲಿನ ಮುಲಾಮು ಮುಖಕ್ಕಾ? ನಿನಗೆ ಬುದ್ಧಿ ಎಲ್ಲಿಗೆ ಹೋಗಿತ್ತೇ?"

ಅವಳು ಸೌಟನ್ನು ಕಲ್ಲಿನ ಮೇಲೆ ಕುಕ್ಕಿದಳು.

"ನೀವೇ ಹೇಳಿದ್ದು ಅತ್ತೆ! ಎರಡು ವರ್ಷದ ಹಿಂದೆ, ಇದೇ ಜಾಗದಲ್ಲಿ! ಮೊದಲ ಸಲ ಕಲೆ ಕಂಡಾಗ, 'ನನ್ನ ಟ್ಯೂಬ್ ಹಚ್ಕೋ, ನನ್ನ ಕಾಲಿಗೆ ಒಂದೇ ವಾರಕ್ಕೆ ಹೋಯ್ತು' ಅಂದ್ರಿ. ಹಚ್ಕೊಂಡೆ. ಒಂದು ವಾರಕ್ಕೆ ಬೆಳ್ಳಗಾಯ್ತು. ಬಿಟ್ರೆ ಉರಿ, ಕೆಂಪು, ಮತ್ತೆ ಹಚ್ಕೊಂಡೆ. ದಿನಾ ಹಚ್ಕೊಂಡೆ."

"ಕ್ಲಿನಿಕ್ಕಲ್ಲಿ ಕೇಳಿದಾಗ ಯಾಕಮ್ಮಾ ಹೇಳ್ಲಿಲ್ಲ?" ಚೂಟಿಗೆ ಅಳು ಬಂದಿತ್ತು.

"ಏನಂತ ಹೇಳ್ಲಿ? ಆ ಗಾಜಿನಂಥ ಹುಡುಗಿ ಮುಂದೆ, ನಮ್ಮತ್ತೆ ಕಾಲಿಗೆ ಹಚ್ಚೋದನ್ನ ಮುಖಕ್ಕೆ ಹಚ್ಕೋತೀನಿ ಅಂತಾನಾ? ನಕ್ಕುಬಿಡ್ತಿದ್ಲು. ಅವಳು ಕ್ರೀಮ್ ಹಚ್ತೀರಾ ಅಂದ್ಲು. ಅದು ಕ್ರೀಮ್ ಅಲ್ಲ, ಔಷಧಿ. ಅಷ್ಟಕ್ಕೂ ಅದು ನನ್ನದೂ ಅಲ್ಲ."

ನಾನು ಹೇಳಿದ್ದು ನಿಜ. ಹೇಳಿ ಮರೆತದ್ದೂ ನಿಜ. ಟ್ಯೂಬು ಕೊಡುವಾಗ ಡಾಕ್ಟರು, ಹದಿನೈದೇ ದಿನ, ಕಾಲಿಗೆ ಮಾತ್ರ, ಎಂದಿದ್ದರು. ನಾನು ಅದನ್ನು ಹಲ್ಲುಪುಡಿಯ ಹಾಗೆ ವರ್ಷಗಟ್ಟಲೆ ಮನೆಮಂದಿಗೆಲ್ಲ ಹಂಚಿದೆ. ಇಷ್ಟು ಗೊತ್ತಿದ್ದೂ ನನ್ನ ಬಾಯಿಂದ ತಪ್ಪಾಯಿತು ಎಂಬ ಮಾತು ಬರಲಿಲ್ಲ. "ನಾನು ಒಂದು ಸಲ ಹಚ್ಕೋ ಅಂದಿದ್ದು, ಎರಡು ವರ್ಷ ಅಲ್ಲ," ಎಂದೆ. ನನ್ನ ಸಿಟ್ಟು ಇಂಥದ್ದು. ತಪ್ಪು ಮಾಡಿದಾಗಲೇ ಗಂಟಲು ದೊಡ್ಡದಾಗುತ್ತದೆ.

"ಇಷ್ಟಕ್ಕೆಲ್ಲ ಮೂಲ ಆ ಮೀಟರ್," ಎಂದು ಮಗ ನಡುವೆ ಬಾಯಿ ಹಾಕಿದ. "ಲಿಫ್ಟ್ ಮೋಟಾರಿಗೂ ಅಂಥದ್ದೇ ಬರುತ್ತೆ. ಅರ್ಧ ಗಂಟೆ ಕೆಲಸ. ಒಂದು ಮಾತು ನನಗೆ ಹೇಳಿದ್ರೆ..."

ಸೊಸೆ ಅವನ ಕಡೆ ತಿರುಗಿದಳು. ಆ ನೋಟ ನನ್ನ ಮೇಲೆ ಬೀಳಲಿಲ್ಲವಲ್ಲ ಎಂದು ನನಗೆ ಸಮಾಧಾನವಾದದ್ದು ಸುಳ್ಳಲ್ಲ.

"ಮೂರು ಸಲ ಹೇಳಿದೀನಿ ರೀ. ಮೂರು ಸಲ! ಒಂದ್ಸಲ ಬಂದು ನೋಡಿ, ಆ ಮೀಟರ್ ಏನಾಗಿದೆ ಅಂತ. ನೀವು ಪೇಪರ್ ಓದ್ತಾ ಹೂಂ ಅಂದ್ರಿ. ಊರವರ ಲಿಫ್ಟೆಲ್ಲ ಸರಿ ಮಾಡ್ತೀರಿ. ಹೆಂಡ್ತಿ ಕೆನ್ನೆ ಬೇಯ್ತಾ ಇದ್ರೆ ಹೂಂ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಭಟ್ಟಿಯ ಮೀಟರು ಕೆಟ್ಟಿತು, ನಾವೆಲ್ಲ ಸೇರಿ ಇವಳ ಮುಖಕ್ಕೆ ಬರೆ ಹಾಕಿದೆವು. ಆ ದಿನ ನಾಲ್ಕು ತಟ್ಟೆಯಲ್ಲಿ ಹಾಕಿದ್ದ ಊಟ ನಾಲ್ಕರಲ್ಲೂ ಉಳಿಯಿತು. ಬಡಿಸಿದ್ದನ್ನು ಮತ್ತೆ ಪಾತ್ರೆಗೆ ತುಂಬಿದವಳು ನಾನು.

ಸೋಮವಾರ ನಾನು ಅವಳನ್ನು ನನ್ನ ಹಳೆಯ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಎರಡು ತಾಸು ಬೆಂಚಿನ ಮೇಲೆ ಕೂತೆವು. ಅವಳು ನನ್ನೊಡನೆ ಮಾತಾಡುತ್ತಿರಲಿಲ್ಲ, ನಾನೂ ಗೋಡೆಯ ಮೇಲಿನ ಪಟ್ಟಿಗಳನ್ನು ಓದುತ್ತ ಕೂತೆ. ಚರ್ಮದ ಡಾಕ್ಟರು ನನ್ನನ್ನು ಬಲ್ಲವರು. ಅವರ ಬಿಳಿ ಕೋಟನ್ನು ಎಷ್ಟು ಸಲ ಒಗೆದಿದ್ದೇನೋ ಲೆಕ್ಕವಿಲ್ಲ. ಅವರು ಕೇಳುವ ಮೊದಲೇ ಚೀಲದಿಂದ ಟ್ಯೂಬು ತೆಗೆದು ಮೇಜಿನ ಮೇಲೆ ಇಟ್ಟೆ.

"ಇದನ್ನ ಇವಳಿಗೆ ಕೊಟ್ಟಿದ್ದು ನಾನು ಸಾರ್. ಎರಡು ವರ್ಷ ಹಚ್ಚಿದಾಳೆ. ಬೈಯೋದಿದ್ರೆ ನನ್ನನ್ನ ಬೈಯಿರಿ."

ಅವರು ಬೈದರು. ಚೆನ್ನಾಗಿಯೇ ಬೈದರು, ಬಾಗಿಲ ಹೊರಗಿನ ಸಾಲು ಕೇಳಿಸಿಕೊಳ್ಳುವ ಹಾಗೆ. ಆಮೇಲೆ ಸೊಸೆಯ ಮುಖವನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು.

"ಈ ಟ್ಯೂಬ್ ಇವತ್ತಿಗೆ ಸಾಕು. ನಿಲ್ಲಿಸಿದ ಮೇಲೆ ಸ್ವಲ್ಪ ದಿನ ಇನ್ನೂ ಕೆಂಪಾಗುತ್ತೆ, ಉರಿಯುತ್ತೆ, ಹೆದರಿ ಮತ್ತೆ ಹಚ್ಕೋಬೇಡಿ, ನನ್ನ ಹತ್ರ ಬನ್ನಿ. ಪೀಲ್ ಬೇಡ, ಲೇಸರ್ ಬೇಡ, ಯಾರು ಏನೇ ಹೇಳಲಿ. ಈಗ ಬಿಸಿಲಿಗೆ ಹಚ್ಚೋ ಕ್ರೀಮ್ ಒಂದು, ಚರ್ಮ ಒಣಗದ ಹಾಗೆ ಒಂದು, ಅಷ್ಟೇ. ತಿಂಗಳುಗಟ್ಟಲೆ ಹಿಡಿಯುತ್ತೆ. ಏನು ಕೆಲಸ ನಿಮ್ಮದು?"

ಅವಳು ಹೇಳಿದಳು. ಕೆನ್ನೆ ಹಿಡಿದು ಎಣಿಸುವುದನ್ನೂ ಹೇಳಿದಳು. ಡಾಕ್ಟರು ಪೆನ್ನನ್ನು ಕೆಳಗಿಟ್ಟರು.

"ಮತ್ತೆ ನಾನು ಏನು ಬರೆದುಕೊಟ್ಟು ಏನು ಪ್ರಯೋಜನ? ನಿಮಗೆ ಮೊದಲ ಚಿಕಿತ್ಸೆ ಅಂದ್ರೆ ಆ ಬಾಗಿಲಿಂದ ದೂರ ಇರೋದು. ಉಳಿದದ್ದೆಲ್ಲ ಆಮೇಲೆ."

"ಅದನ್ನೇ ಬರೆದುಕೊಡಿ," ಎಂದಳು ಸೊಸೆ.

ಅವರು ಬರೆದರು. ಬೆಂಕಿ, ಭಟ್ಟಿಯ ಬಿಸಿಯಿಂದ ಕಡ್ಡಾಯವಾಗಿ ದೂರವಿರಬೇಕು. ಕೆಳಗೆ ಎರಡು ಗೀಟು, ಸಹಿ, ಮೊಹರು. ಮನೆಗೆ ಬರುವ ದಾರಿಯಲ್ಲಿ ಅವಳು ಆ ಚೀಟಿಯನ್ನು ನಾಲ್ಕು ಸಲ ತೆಗೆದು ಓದಿದಳು.

"ಅತ್ತೆ," ಎಂದಳು ಬಸ್ಸಿನಲ್ಲಿ, ಮೂರು ದಿನದ ಮೇಲೆ ಮೊದಲ ಸಲ. "ಮುಖ ಸರಿಯಾಗದೆ ಕೌಂಟರ್ ಇಲ್ಲ ಅಂತಾನೆ. ಕೌಂಟರ್ ಸಿಗದೆ ಮುಖ ಸರಿಯಾಗಲ್ಲ. ಇದೆಂಥ ಆಟ?"

"ತಪ್ಪು ನನ್ನದು," ಎಂದೆ. ಕೊನೆಗೂ ಬಂತು.

"ನಿಮ್ಮದೊಂದೇ ಆಗಿದ್ರೆ ಮನೇಲೇ ಮುಗಿಸ್ತಿದ್ದೆ," ಎಂದು ಕಿಟಕಿಯ ಕಡೆ ತಿರುಗಿದಳು. ಕ್ಷಮಿಸಿದಳೆಂದು ನಾನು ಹೇಳುವುದಿಲ್ಲ.

ಮರುದಿನ ಅವಳ ಜೊತೆ ನಾನೂ ಬೇಕರಿಗೆ ಹೋದೆ. ಮಗ ಕೈಚೀಲ ಹಿಡಿದು ಹಿಂದೆ ಬಂದ. ಹಿಂದಿನ ಸಂಜೆಯೇ ಅಂಗಡಿಗಳನ್ನು ಅಲೆದು ಅವನು ಒಂದು ಮೀಟರು ತಂದಿದ್ದ. ಅದನ್ನು ನೋಡಿ ಸೊಸೆ, "ಒಂಬತ್ತು ವರ್ಷಕ್ಕೆ ತಂದ್ರಾ?" ಎಂದದ್ದು ಬಿಟ್ಟರೆ ಬೇರೇನೂ ಅಂದಿರಲಿಲ್ಲ.

ಒಳಗೆ ಭಟ್ಟಿ ಕಾದಿತ್ತು. ಅಚ್ಚುಗಳಲ್ಲಿ ಹಿಟ್ಟು ಉಬ್ಬಿ ಅಂಚು ದಾಟುತ್ತಿತ್ತು. ಹಿಟ್ಟು ನಾದುವವನು ಇವಳಿಗಾಗಿ ಕಾದು ನಿಂತಿದ್ದ. ಬಿಸ್ಕತ್ತು ಬಟ್ಟೆ ಸುತ್ತದ ಇವಳ ಮುಖ ನೋಡಿದವನೇ ಹಣೆ ಚಚ್ಚಿಕೊಂಡ.

"ಅಯ್ಯೋ, ಇದೇನ್ರೀ? ಸರಿ ಮಾಡ್ಕೊಂಡು ಬನ್ನಿ ಅಂದ್ರೆ ಹೀಗಾ ಬರೋದು? ಇಂಥ ಮುಖ ಇಟ್ಕೊಂಡು ಕೌಂಟರ್ ಕೇಳ್ತೀರಾ? ಹೋಗಿ, ಮೊದಲು ಬ್ರೆಡ್ ಇಡಿ, ಹಿಟ್ಟು ಕಾಯಲ್ಲ."

ನನ್ನ ಬಾಯಿ ತೆರೆದಿತ್ತು. ಸೊಸೆ ಕೈ ಎತ್ತಿ ನನ್ನನ್ನು ತಡೆದಳು. ಚೀಟಿಯನ್ನು ಅವನ ಮುಂದೆ ಇಟ್ಟಳು, ಅದರ ಪಕ್ಕ ಮೀಟರನ್ನು ಇಟ್ಟಳು.

"ಡಾಕ್ಟ್ರು ಬರೆದಿದಾರೆ, ಓದಿ. ಇವತ್ತಿಂದ ಭಟ್ಟಿಗೆ ನನ್ನ ಕೆನ್ನೆ ಇಲ್ಲ. ಮೀಟರ್ ನಮ್ಮವರೇ ಹಾಕಿಕೊಡ್ತಾರೆ, ಅರ್ಧ ಗಂಟೆ ಸಾಕು. ಬ್ರೆಡ್ ಇಡೋದನ್ನ ಹಿಟ್ಟು ನಾದೋ ಇವರಿಗೆ ನಾನೇ ಕಲಿಸ್ತೀನಿ. ನಿಮ್ಮ ಅಪ್ಪ ಹೇಳಿದ ಕೌಂಟರ್ ನನಗೆ ಕೊಡಿ."

"ಅರ್ಧ ಗಂಟೆ ಎಲ್ಲಿದೆ? ಹಿಟ್ಟು ಇಳಿದುಹೋಗುತ್ತೆ! ಹತ್ತು ಎಣಿಸೋಕೆ ಇಷ್ಟು ಜಂಬವಾ ನಿಮಗೆ? ಅದೇನು ದೊಡ್ಡ ವಿದ್ಯೆ, ನಾನೇ ನೋಡ್ತೀನಿ." ಬಿಸ್ಕತ್ತು ತೋಳು ಮಡಚಿ ಭಟ್ಟಿಯ ಬಾಗಿಲು ಎಳೆದ.

"ಇನ್ನೂ ಹತ್ರ," ಎಂದಳು ಸೊಸೆ. "ಒಂದು ಗೇಣು. ಬ್ರೆಡ್ಡಿಗೆ ಆರು. ಹೂಂ, ಎಣಿಸಿ."

"ಒಂದು," ಎಂದ. "ಎರಡು." ಮೂರು ಎನ್ನುವ ಮೊದಲೇ ಹಾ ಎಂದು ಕೂಗಿ ಹಿಂದಕ್ಕೆ ಹಾರಿದ. ಕೆನ್ನೆಯ ಮೇಲೆ ಅಂಗೈ ಒತ್ತಿಕೊಂಡು ನಿಂತ. ಹಿಟ್ಟು ನಾದುವವನು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ.

"ಆರು ಆಗ್ಲಿಲ್ಲ," ಎಂದಳು ಅವಳು. ಧ್ವನಿ ಏರಿಸಲಿಲ್ಲ. "ಮತ್ತೆ ಹಿಡೀರಿ. ಇವತ್ತು ಇನ್ನೂ ಮೂವತ್ತು ಸಲ ಇದೆ. ನಾಳೆ ನಲವತ್ತು. ಹಾಗೆ ಒಂಬತ್ತು ವರ್ಷ ಹಿಡೀರಿ. ಆಮೇಲೆ ನಾನು ನಿಮ್ಮ ಮುಖ ನೋಡಿ ಹೇಳ್ತೀನಿ, ನೀವು ಅಂಗಡಿ ಮುಂದೆ ನಿಲ್ಲೋಕೆ ಲಾಯಕ್ಕಾ ಇಲ್ವಾ ಅಂತ."

ಮಗ ಆಗಲೇ ಭಟ್ಟಿಯ ಪಕ್ಕ ಮಂಡಿಯೂರಿ ಸ್ಕ್ರೂ ತೆಗೆಯಲು ಶುರುಮಾಡಿದ್ದ. ಆ ದಿನದ ಮೊದಲ ಹಿಟ್ಟು ಇಳಿದು ಚಪ್ಪಟೆಯಾಯಿತು, ಆಗಲಿ. ಅವಳು ಹಿಟ್ಟು ಮೆತ್ತಿದ ಏಪ್ರನ್ನು ಬಿಚ್ಚಿ ಮೊಳೆಗೆ ಹಾಕಿ, ಹೊರಗೆ ಹೋಗಿ, ಕೌಂಟರಿನ ಮುದುಕ ಎದ್ದು ಬಿಟ್ಟುಕೊಟ್ಟ ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂತಳು. ಏಳಿ ಎಂದು ಯಾರೂ ಹೇಳಲಿಲ್ಲ.

ಆಗ ಒಬ್ಬ ಹೆಂಗಸು ಚೀಲ ಹಿಡಿದು ಬಂದಳು. ದಿನಾ ಬರುವವಳಂತೆ. ಗಾಜಿನಾಚೆಯ ಮುಖ ನೋಡಿ ಬೆಚ್ಚಿಬಿದ್ದಳು.

"ಅಯ್ಯೋ ದೇವರೇ, ಮುಖಕ್ಕೆ ಏನಾಯ್ತಮ್ಮಾ?"

ಸೊಸೆ ಆ ಕೆನ್ನೆಯನ್ನು ಮುಚ್ಚಿಕೊಳ್ಳಲಿಲ್ಲ, ಬೆಳಕಿಗೇ ತಿರುಗಿಸಿದಳು.

"ನೀವು ಒಂಬತ್ತು ವರ್ಷದಿಂದ ತಿಂತಿರೋ ಬ್ರೆಡ್ ಬೇಯಿಸಿದ ಮುಖ ಇದು," ಎಂದಳು. "ಎಷ್ಟು ಕೊಡ್ಲಿ ಹೇಳಿ."

ಆಕೆ ಚೀಲದ ಬಾಯಿ ಬಿಡಿಸಿ, ಎರಡು ಕೊಡಿ ಎಂದಳು.